ಇಫ್ ಬರೆದಿದ್ದೇನೆ, ಆದರೂ ಒಳಗೆ ಹೋಗುತ್ತಿಲ್ಲ: ಕವಲು ತಪ್ಪಿದ ಪ್ರೋಗ್ರಾಮ್ ಸರಿಮಾಡುವ ಬಗೆ

ಕಳೆದ ಭಾನುವಾರ ಬೆಳಿಗ್ಗೆ ಪಕ್ಕದ ಬೀದಿಯ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬಿಸಿಎ ಎರಡನೇ ವರ್ಷ ಓದುತ್ತಿದ್ದಾಳೆ. ಅವಳ ಅಪ್ಪ ವಿಜಯನಗರದಲ್ಲಿ ಆಟೋ ಓಡಿಸುತ್ತಾರೆ. ದಿನದ ಟ್ರಿಪ್‌ಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು, ಮನೆಗೆ ಬಂದ ಮೇಲೆ ಲೆಕ್ಕ ನೋಡುವುದು ಅವರ ಅಭ್ಯಾಸ. ಆ ಲೆಕ್ಕ ಸುಲಭವಾಗಲಿ ಅಂತ ಮಗಳು ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದಿದ್ದಳು.

"ಅಕ್ಕ, ರಾತ್ರಿ ಹನ್ನೊಂದೂವರೆ, 8 ಕಿಲೋಮೀಟರ್ ಅಂತ ಕೊಟ್ಟರೂ 144 ರೂಪಾಯಿನೇ ತೋರಿಸುತ್ತೆ. 216 ಬರಬೇಕು. ಎರರ್ ಒಂದೂ ಇಲ್ಲ. ಎರಡು ದಿನದಿಂದ ನೋಡ್ತಾನೇ ಇದ್ದೀನಿ."

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಆಟೋ ದರ ಹೀಗಿದೆ: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. 8 ಕಿಲೋಮೀಟರಿಗೆ 36 ಮತ್ತು ಆರು ಹದಿನೆಂಟಲ 108, ಒಟ್ಟು 144. ಅದರ ಒಂದೂವರೆ ಪಟ್ಟು 216. ಹುಡುಗಿ ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು. ಪ್ರೋಗ್ರಾಮ್ ಮಾತ್ರ ಬೇರೆ ದಾರಿ ಹಿಡಿದಿತ್ತು.

ಇಫ್‌ನಲ್ಲಿ ಬರೆದ ಷರತ್ತು, ಅಂದರೆ ಕಂಡಿಷನ್, ನಿಜವೋ ಸುಳ್ಳೋ ನೋಡಿ ಪ್ರೋಗ್ರಾಮ್ ಹಿಡಿಯುವ ಒಂದೊಂದು ದಾರಿಯೂ ಒಂದು ಕವಲು. ಅವಳ ಆ ಒಂದು ಪ್ರೋಗ್ರಾಮ್‌ನಲ್ಲೇ ಕವಲಿನ ತಪ್ಪುಗಳು ಸುಮಾರು ಬಗೆಯವು ಸಿಕ್ಕವು. ಹೊಸದಾಗಿ ಕಲಿಯುವ ಎಲ್ಲರಿಗೂ ಇವೇ ಎದುರಾಗುತ್ತವೆ. ಅದಕ್ಕೇ ಒಂದೊಂದನ್ನೂ ಹೇಗೆ ಹಿಡಿದೆವು ಅಂತ ಬರೆಯುತ್ತಿದ್ದೇನೆ.

ಕೋಡ್ ಬಗ್ಗೆ ಒಂದು ಮಾತು. ಓದಲು ಸುಲಭವಾಗಲಿ ಅಂತ ಇಲ್ಲಿ ಇಫ್, ಎಲಿಫ್, ಎಲ್ಸ್, ಆಂಡ್, ಆರ್, ನಾಟ್ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ವೇರಿಯಬಲ್ ಹೆಸರು ಮಾತ್ರ ನಿಜಕ್ಕೂ ಕನ್ನಡದಲ್ಲಿ ಇಡಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ಅದಕ್ಕೆ ಅವಕಾಶವಿದೆ. ಈ ಹುಡುಗಿಯೂ ಹಾಗೇ ಇಟ್ಟಿದ್ದಳು, ನೋಡಿ ಖುಷಿಯಾಯಿತು.

ಕೋಡ್ ಮುಟ್ಟುವ ಮೊದಲು

ಎರಡು ದಿನ ಅವಳು ಮಾಡಿದ್ದು ಏನೆಂದರೆ, ಕೋಡ್ ಓದುವುದು, ಅನುಮಾನ ಬಂದ ಸಾಲು ಬದಲಾಯಿಸುವುದು, ಮತ್ತೆ ಓಡಿಸುವುದು. ಇದರಲ್ಲಿ ಒಂದು ತೊಂದರೆ ಇದೆ. ನಾವು ಬರೆದ ಸಾಲನ್ನು ನಾವೇ ಓದುವಾಗ ಅಲ್ಲಿ ಇರುವುದು ಕಾಣುವುದಿಲ್ಲ, ಬರೆಯಬೇಕು ಅಂದುಕೊಂಡದ್ದು ಕಾಣುತ್ತದೆ. ಅದಕ್ಕೆ ಮೊದಲು ಪ್ರೋಗ್ರಾಮ್‌ನ ಬಾಯಿಂದಲೇ ಎರಡು ವಿಷಯ ಹೇಳಿಸಬೇಕು: ಯಾವ ಕವಲಿಗೆ ತಿರುಗಿದೆ, ತಿರುಗುವ ಹೊತ್ತಿಗೆ ಕೈಯಲ್ಲಿ ಏನಿತ್ತು.

ಇಫ್‌ಗೆ ಸ್ವಲ್ಪ ಮೇಲೆ ಒಂದು ಪ್ರಿಂಟ್, ಪ್ರತಿ ಕವಲಿನ ಒಳಗೆ ಒಂದೊಂದು ಪ್ರಿಂಟ್ ಹಾಕಿದೆವು:

ಪ್ರಿಂಟ್("ಇಫ್‌ಗೆ ಮೊದಲು", ಗಂಟೆ, ಟೈಪ್(ಗಂಟೆ))
ಇಫ್ ಗಂಟೆ >= 22 ಆಂಡ್ ಗಂಟೆ < 5:
    ಪ್ರಿಂಟ್("ರಾತ್ರಿ ಕವಲು")
    ದರ = ದರ * 1.5
ಎಲ್ಸ್:
    ಪ್ರಿಂಟ್("ಹಗಲು ಕವಲು")

ಬರೀ ಬೆಲೆ ಪ್ರಿಂಟ್ ಮಾಡಿದರೆ ಸಾಲದು, ಅದರ ಟೈಪ್, ಅಂದರೆ ಅದು ಸಂಖ್ಯೆಯೋ ಅಕ್ಷರಗಳೋ ಎಂಬುದು ಕೂಡ ಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಓಡಿಸಿದಾಗ ಗಂಟೆ 23, ಟೈಪ್ ಇಂಟ್ (ಪೂರ್ಣ ಸಂಖ್ಯೆ), ಆಮೇಲೆ "ಹಗಲು ಕವಲು" ಅಂತ ಬಂತು. ಬೆಲೆ ಸರಿ ಇದೆ, ಟೈಪ್ ಸರಿ ಇದೆ. ಹಾಗಾದರೆ ತಪ್ಪು ಇರುವುದು ಕಂಡಿಷನ್‌ನಲ್ಲೇ. ಹುಡುಕುವ ಜಾಗ ಇಡೀ ಪ್ರೋಗ್ರಾಮ್‌ನಿಂದ ಒಂದು ಸಾಲಿಗೆ ಇಳಿಯಿತು. ಎರಡು ದಿನದಲ್ಲಿ ಆಗದ್ದು ಎರಡು ನಿಮಿಷಕ್ಕೆ ಆಯಿತು.

ಪ್ರಿಂಟ್ ಬೇಡ ಅನ್ನುವವರಿಗೆ ಪೈಥಾನ್ 3.7ರಿಂದ ಬ್ರೇಕ್‌ಪಾಯಿಂಟ್ ಎಂಬ ಫಂಕ್ಷನ್ ಇದೆ. ಅದನ್ನು ಬರೆದ ಸಾಲಿನಲ್ಲಿ ಪ್ರೋಗ್ರಾಮ್ ನಿಂತುಕೊಳ್ಳುತ್ತದೆ. ಅಲ್ಲಿಂದ ಒಂದೊಂದೇ ಸಾಲು ಮುಂದೆ ಹೋಗಬಹುದು. ಒಳ್ಳೆಯ ಸಾಧನ. ಆದರೆ ಕಲಿಯುವ ಮೊದಲ ವರ್ಷ ಪ್ರಿಂಟ್ ಸಾಕು.

ಕವಲಿನ ಒಳಗೆ ಯಾವತ್ತೂ ಹೋಗುವುದಿಲ್ಲ

ಈಗ ಆ ಸಾಲನ್ನೇ ನೋಡಿ. ಗಂಟೆ 22 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಮತ್ತು 5ಕ್ಕಿಂತ ಕಡಿಮೆ ಇರಬೇಕು. ಹಾಗಿರುವ ಸಂಖ್ಯೆ ಒಂದೂ ಇಲ್ಲ. 23 ಮೊದಲ ಭಾಗಕ್ಕೆ ಸರಿ, ಎರಡನೆಯದಕ್ಕೆ ಸುಳ್ಳು. 3 ಎರಡನೆಯದಕ್ಕೆ ಸರಿ, ಮೊದಲನೆಯದಕ್ಕೆ ಸುಳ್ಳು. ಆಂಡ್‌ಗೆ ಎರಡೂ ನಿಜವಾಗಬೇಕು. ಅಂದರೆ ಈ ಬಾಗಿಲು ವರ್ಷಪೂರ್ತಿ ಮುಚ್ಚಿಯೇ ಇರುತ್ತದೆ.

ಹುಡುಗಿ ಯಾಕೆ ಹೀಗೆ ಬರೆದಳು? ನಮ್ಮ ಮಾತೇ ಅದಕ್ಕೆ ಕಾರಣ. "ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ" ಅಂತ ಹೇಳುವಾಗ ಮನಸ್ಸಿನಲ್ಲಿ ಅದು ಒಂದೇ ತುಂಡು. ಆದರೆ ಗಡಿಯಾರದ 0ಯಿಂದ 23ರವರೆಗಿನ ಗೆರೆಯಲ್ಲಿ ಅದು ಎರಡು ತುಂಡು. ಬಲತುದಿಯಲ್ಲಿ 22 ಮತ್ತು 23, ಎಡತುದಿಯಲ್ಲಿ 0ಯಿಂದ 4. ನಡುವೆ ಮಧ್ಯರಾತ್ರಿ ಎಂಬ ಬಿರುಕು ಇದೆ. ಒಂದು ಕಾಗದದ ಮೇಲೆ ಗೆರೆ ಎಳೆದು ಆ ಎರಡು ತುಂಡಿಗೆ ಪೆನ್ಸಿಲಿನಲ್ಲಿ ಬಣ್ಣ ಹಚ್ಚಲು ಹೇಳಿದೆ. ಹಚ್ಚುತ್ತಿದ್ದ ಹಾಗೆ ಅವಳಿಗೇ ಹೊಳೆಯಿತು: "ಅಯ್ಯೋ, ಇದು ಆರ್ ಅಲ್ವಾ ಅಕ್ಕ?"

ಹೌದು, ಆರ್. ಎರಡು ತುಂಡಿದ್ದರೆ ಆರ್ ಬೇಕು, ಒಂದೇ ತುಂಡಿದ್ದರೆ ಆಂಡ್ ಬೇಕು. ಹಗಲು ಒಂದೇ ತುಂಡು. ಹಾಗಾಗಿ ಇದನ್ನೇ ತಿರುಗಿಸಿ ಕೂಡ ಬರೆಯಬಹುದು:

ಇಫ್ ನಾಟ್ (5 <= ಗಂಟೆ < 22):

ನನಗೆ ಇದೇ ಜಾಸ್ತಿ ಇಷ್ಟ. "ಹಗಲಲ್ಲದಿದ್ದರೆ" ಅಂತ ನೇರವಾಗಿ ಓದಬಹುದು. ಆದರೆ ಒಂದು ಎಚ್ಚರ. ಹೀಗೆ ಎರಡು ಹೋಲಿಕೆಯನ್ನು ಒಟ್ಟಿಗೆ ಪೋಣಿಸುವುದು ಪೈಥಾನ್‌ನಲ್ಲಿ ನಡೆಯುತ್ತದೆ, ಸಿ ಭಾಷೆಯಲ್ಲಿ ನಡೆಯುವುದಿಲ್ಲ. ಸಿ ಮೊದಲು 5 <= ಗಂಟೆ ಎಂಬುದನ್ನು ಲೆಕ್ಕ ಹಾಕುತ್ತದೆ. ಉತ್ತರ 0 ಅಥವಾ 1. ಆಮೇಲೆ ಆ 0 ಅಥವಾ 1 ಎಂಬುದು 22ಕ್ಕಿಂತ ಕಡಿಮೆಯೇ ಅಂತ ನೋಡುತ್ತದೆ. ಕಡಿಮೆಯೇ, ಯಾವಾಗಲೂ. ಕಾಲೇಜಿನಲ್ಲಿ ಒಂದೇ ಸೆಮಿಸ್ಟರಿನಲ್ಲಿ ಎರಡೂ ಭಾಷೆ ಕಲಿಯುವವರು ಇಲ್ಲಿ ತುಂಬಾ ಎಡವುತ್ತಾರೆ.

ಕವಲು ಯಾವತ್ತೂ ತೆರೆಯದೇ ಇರುವುದಕ್ಕೆ ಇನ್ನೊಂದು ದೊಡ್ಡ ಕಾರಣ ಟೈಪ್. ಪ್ರೋಗ್ರಾಮ್ ಶುರುವಿನಲ್ಲಿ ಒಂದು ಮೆನು ಇತ್ತು. 1 ಒತ್ತಿದರೆ ಆಟೋ, 2 ಒತ್ತಿದರೆ ಮೆಟ್ರೊ. ಇನ್‌ಪುಟ್ ಫಂಕ್ಷನ್ ಕೊಡುವುದು ಯಾವಾಗಲೂ ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್. ನೀವು 1 ಒತ್ತಿದರೆ ಕೈಗೆ ಬರುವುದು "1". ಅದನ್ನು ಸಂಖ್ಯೆ 1ರ ಜೊತೆ == ಹಾಕಿ ಹೋಲಿಸಿದರೆ ಪೈಥಾನ್ ಗಲಾಟೆ ಮಾಡುವುದಿಲ್ಲ. ತೆಪ್ಪಗೆ ಫಾಲ್ಸ್, ಅಂದರೆ ಸುಳ್ಳು, ಅನ್ನುತ್ತದೆ. ಅದೇ < ಅಥವಾ > ಹಾಕಿದ್ದರೆ ಟೈಪ್ ಎರರ್ ಬಂದು ಅಲ್ಲೇ ನಿಲ್ಲುತ್ತಿತ್ತು. ಎರರ್ ಬರುವುದೇ ಎಷ್ಟೋ ವಾಸಿ. ಎರಡೂ ಕಡೆ ಸ್ಟ್ರಿಂಗ್ ಇದ್ದರಂತೂ ಇನ್ನೂ ಕಷ್ಟ. "9" > "10" ಎಂಬುದು ನಿಜ ಅಂತ ಬರುತ್ತದೆ, ಯಾಕೆಂದರೆ ಅಲ್ಲಿ ನಿಘಂಟಿನ ಹಾಗೆ ಮೊದಲ ಅಕ್ಷರದಿಂದ ಹೋಲಿಕೆ ಶುರುವಾಗುತ್ತದೆ. ಹೊರಗಿನಿಂದ ಬರುವ ಪ್ರತಿ ಸಂಖ್ಯೆಯನ್ನೂ ಬಾಗಿಲಲ್ಲೇ ಇಂಟ್ ಮಾಡಿ ಒಳಗೆ ಬಿಡಿ.

ಈಗ ಹಗಲಲ್ಲೂ ಒಂದೂವರೆ ಪಟ್ಟು

ಆರ್ ಅಂತ ಗೊತ್ತಾದ ಖುಷಿಯಲ್ಲಿ ಹುಡುಗಿ ಬೇಗ ಬೇಗ ಹೀಗೆ ತಿದ್ದಿದಳು:

ಇಫ್ ಗಂಟೆ >= 22 ಆರ್ 5:

ರಾತ್ರಿ ಹನ್ನೊಂದೂವರೆಗೆ 216 ಬಂತು. ಮಧ್ಯಾಹ್ನ 12ಕ್ಕೂ 216 ಬಂತು.

ಮನುಷ್ಯರು "ಹತ್ತು ಅಥವಾ ಐದು" ಅಂದರೆ ಕೇಳುವವರು ಮಿಕ್ಕಿದ್ದನ್ನು ತುಂಬಿಕೊಳ್ಳುತ್ತಾರೆ. ಪೈಥಾನ್ ತುಂಬಿಕೊಳ್ಳುವುದಿಲ್ಲ. ಆರ್‌ನ ಬಲಗಡೆ ಇರುವ 5 ಅದಕ್ಕೆ ಒಂದು ಪೂರ್ತಿ ಕಂಡಿಷನ್. ಸೊನ್ನೆಯಲ್ಲದ ಯಾವ ಸಂಖ್ಯೆಯೂ ನಿಜ. ಹಾಗಾಗಿ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಎರಡೂ ಕಡೆ ಪೂರ್ತಿ ಬರೆಯಬೇಕು: ಗಂಟೆ >= 22 ಆರ್ ಗಂಟೆ < 5.

ಯಾವಾಗಲೂ ನಿಜವಾಗುವ ಕಂಡಿಷನ್ ಸಿಕ್ಕರೆ ಇನ್ನೆರಡು ಕಡೆ ನೋಡಿ. ಒಂದು, ಖಾಲಿ ಸ್ಟ್ರಿಂಗ್ ಸುಳ್ಳು, ಆದರೆ "0" ಎಂಬ ಸ್ಟ್ರಿಂಗ್ ನಿಜ. ಒಳಗೆ ಏನೋ ಒಂದು ಅಕ್ಷರ ಇದೆಯಲ್ಲ, ಅಷ್ಟೇ ಸಾಕು. ಕಾದ ನಿಮಿಷ ಎಷ್ಟು ಅಂತ ಕೇಳಿ, ಬಂದ "0" ಅನ್ನು ಹಾಗೇ ಇಫ್‌ಗೆ ಕೊಟ್ಟರೆ ಕಾಯಿಸದ ಪ್ರಯಾಣಿಕರಿಗೂ ವೇಟಿಂಗ್ ಚಾರ್ಜ್ ಬೀಳುತ್ತದೆ. ಇನ್ನೊಂದು, ಆಂಡ್ ಮತ್ತು ಆರ್ ಒಂದೇ ಸಾಲಿನಲ್ಲಿ ಇರುವುದು. ಪೈಥಾನ್ ಮೊದಲು ನಾಟ್, ಆಮೇಲೆ ಆಂಡ್, ಕೊನೆಗೆ ಆರ್ ನೋಡುತ್ತದೆ. ಇವಳ ಮುಂದಿನ ಸಾಲು ಹೀಗಿತ್ತು:

ಇಫ್ ಗಂಟೆ >= 22 ಆರ್ ಗಂಟೆ < 5 ಆಂಡ್ ಮೀಟರು_ಹಾಕಿದೆ:

ಮೀಟರ್ ಹಾಕಿರಬೇಕು ಎಂಬ ಮಾತು ಇಲ್ಲಿ ಬೆಳಗಿನ ಜಾವದ ತುಂಡಿಗೆ ಮಾತ್ರ ಅಂಟಿಕೊಂಡಿತು. ರಾತ್ರಿ ಹತ್ತರ ಮೇಲೆ ಮೀಟರ್ ಹಾಕದಿದ್ದರೂ ಒಂದೂವರೆ ಪಟ್ಟು. ಆರ್ ಇರುವ ಭಾಗಕ್ಕೆ ಆವರಣ ಚಿಹ್ನೆ ಹಾಕಿದ ಮೇಲೆ ಸರಿಹೋಯಿತು. ಯಾವುದಕ್ಕೆ ಮೊದಲ ಸ್ಥಾನ ಅಂತ ನಿಮಗೆ ಬಾಯಿಪಾಠ ಬಂದರೂ ಆವರಣ ಹಾಕಿ. ನಾಳೆ ಆ ಸಾಲು ಓದುವವರಿಗೆ ಅದು ಸಹಾಯ.

ಮೆಟ್ರೊ ದರ: ಎಲಿಫ್ ಏಣಿ ತಲೆಕೆಳಗಾದಾಗ

ಮೆನುವಿನ ಎರಡನೇ ಆಯ್ಕೆ ನಮ್ಮ ಮೆಟ್ರೊ. 2025ರ ಫೆಬ್ರುವರಿ 9ರಿಂದ ಬಂದ ದರಪಟ್ಟಿಯನ್ನು ಅವಳು ಹಾಕಿದ್ದಳು. 2 ಕಿಲೋಮೀಟರಿನ ತನಕ 10 ರೂಪಾಯಿ, 4ರ ತನಕ 20, 6ರ ತನಕ 30, 8ರ ತನಕ 40, 10ರ ತನಕ 50, 15ರ ತನಕ 60, ಹೀಗೆ ಮೇಲೇರುತ್ತಾ 90ರವರೆಗೆ. 12 ಕಿಲೋಮೀಟರ್ ಕೊಟ್ಟರೆ 60 ಬರಬೇಕು. 20 ಬರುತ್ತಿತ್ತು.

ಇಫ್ ದೂರ > 2:
    ದರ = 20
ಎಲಿಫ್ ದೂರ > 4:
    ದರ = 30
ಎಲಿಫ್ ದೂರ > 6:
    ದರ = 40

12 ಎಂಬುದು 2ಕ್ಕಿಂತ ಜಾಸ್ತಿ. ಮೊದಲ ಮೆಟ್ಟಿಲಲ್ಲೇ ನಿಜ ಸಿಕ್ಕಿತು. ಆಮೇಲೆ ಮಿಕ್ಕ ಎಲಿಫ್‌ಗಳನ್ನು ಪೈಥಾನ್ ತಿರುಗಿಯೂ ನೋಡುವುದಿಲ್ಲ. ಕೆಳಗಿನ ಕವಲುಗಳಿಗೆ ಯಾರೂ ಹೋಗುವ ಹಾಗೇ ಇಲ್ಲ.

> ಹಾಕಿದರೆ ದೊಡ್ಡ ಸಂಖ್ಯೆಯಿಂದ ಕೆಳಗೆ ಇಳಿಯಬೇಕು. <= ಹಾಕಿದರೆ ಚಿಕ್ಕದರಿಂದ ಮೇಲೇರಬೇಕು. ದರಪಟ್ಟಿಯಲ್ಲಿ "ತನಕ" ಅಂತ ಇದ್ದರೆ <= ಬಳಸಿ ಮೇಲೇರುವುದೇ ಸುಲಭ, ಪಟ್ಟಿಯನ್ನು ನೋಡಿಕೊಂಡು ಹಾಗೇ ಬರೆಯಬಹುದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಲಿಫ್‌ಗಳನ್ನೆಲ್ಲ ಸುಮ್ನೆ ಇಫ್ ಮಾಡಿದರೆ 60 ಸರಿಯಾಗಿ ಬಂದುಬಿಡುತ್ತದೆ! ಹುಡುಗಿಯ ಗೆಳತಿ ಹಾಗೇ ಮಾಡು ಅಂದಿದ್ದಳಂತೆ. ಬಿಡಿ ಇಫ್‌ಗಳು ಒಂದಾದ ಮೇಲೊಂದು ಎಲ್ಲವೂ ಓಡುತ್ತವೆ. 20 ಬರೆದು, ಅದರ ಮೇಲೆ 30 ಬರೆದು, 40, 50, ಕೊನೆಗೆ 60 ಉಳಿಯುತ್ತದೆ. ಉತ್ತರ ಸರಿ, ದಾರಿ ತಪ್ಪು. ನಾಳೆ ಯಾರಾದರೂ ಸಾಲುಗಳ ಕ್ರಮ ಬದಲಾಯಿಸಿದರೆ ಉತ್ತರ ತಪ್ಪುತ್ತದೆ. ಪ್ರತಿ ಕವಲಿನ ಒಳಗೂ ಒಟ್ಟು ಮೊತ್ತದಿಂದ ರಿಯಾಯಿತಿ ಕಳೆಯುವ ಸಾಲು ಸೇರಿಸಿದರೆ, ಐದು ಸಲ ಕಳೆದುಹೋಗುತ್ತದೆ. ಪ್ರತಿ ಕವಲಿನಲ್ಲೂ ಪ್ರಿಂಟ್ ಇದ್ದರೆ ಇದು ಕೂಡಲೇ ಗೊತ್ತಾಗುತ್ತದೆ. ಒಂದು ಪ್ರಯಾಣಕ್ಕೆ ಒಂದೇ ಸಾಲು ಪ್ರಿಂಟ್ ಆಗಬೇಕು, ಐದು ಆದರೆ ಏನೋ ತಪ್ಪಿದೆ.

ಏಣಿಯ ಕೊನೆಗೆ ಎಲ್ಸ್ ಇರಲಿಲ್ಲ. ಅದರ ಫಲ ವಿಚಿತ್ರವಾಗಿತ್ತು. ಟ್ರಿಪ್‌ಗಳನ್ನು ಲೂಪ್‌ನಲ್ಲಿ ಒಂದೊಂದಾಗಿ ಓದುವಾಗ, ಯಾವ ಕವಲಿಗೂ ಹೊಂದದ ದೂರ ಬಂದರೆ ದರ ಎಂಬ ವೇರಿಯಬಲ್ ಹಾಗೇ ಉಳಿದುಬಿಡುತ್ತದೆ. ಅಂದರೆ ಹಿಂದಿನ ಪ್ರಯಾಣದ ದರವೇ ಈ ಪ್ರಯಾಣಕ್ಕೂ ಬೀಳುತ್ತದೆ. ಲೆಕ್ಕದಲ್ಲಿ ಸಾಲಾಗಿ ಎರಡು ಪ್ರಯಾಣಕ್ಕೆ ಒಂದೇ ಮೊತ್ತ ಕಂಡರೆ ಇದನ್ನೇ ಮೊದಲು ಅನುಮಾನಿಸಿ. ಮೊದಲ ಪ್ರಯಾಣವೇ ಹಾಗಿದ್ದರೆ ನೇಮ್ ಎರರ್ ಬಂದು ಬಚಾವ್ ಆಗುತ್ತೀರಿ. ಎಲ್ಸ್ ಹಾಕಿ, ಅದರೊಳಗೆ ಸುಳ್ಳು ದರ ಕೊಡಬೇಡಿ. "ಈ ದೂರ ಪಟ್ಟಿಯಲ್ಲಿಲ್ಲ" ಅಂತ ಜೋರಾಗಿ ಎರರ್ ಎಬ್ಬಿಸಿ.

ಸರಿಯಾಗಿ 2 ಕಿಲೋಮೀಟರ್ ಓಡಿದವರಿಗೆ 37.80

ಈ ತಪ್ಪು ಹಿಡಿಯಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. 1.9 ಕಿಲೋಮೀಟರಿಗೆ 36, ಸರಿ. 2.1ಕ್ಕೆ 37.80, ಅದೂ ಸರಿ. ಮಿಕ್ಕ ದೂರವನ್ನು 100 ಮೀಟರಿಗೆ ಮೇಲೇರಿಸಿ, ಪ್ರತಿ 100 ಮೀಟರಿಗೆ 1 ರೂಪಾಯಿ 80 ಪೈಸೆ ಅಂತ ಅವಳು ಲೆಕ್ಕ ಇಟ್ಟುಕೊಂಡಿದ್ದಳು. ಆದರೆ ಸರಿಯಾಗಿ 2 ಕಿಲೋಮೀಟರಿಗೂ 37.80 ಬರುತ್ತಿತ್ತು. ಕಂಡಿಷನ್ ನೋಡಿದರೆ ದೂರ <= 2 ಅಂತ ಸರಿಯಾಗಿಯೇ ಇದೆ. ಸಮ ಚಿಹ್ನೆ ಮರೆತಿಲ್ಲ.

ಪ್ರಿಂಟ್ ಹೇಳಿತು: ದೂರ 2.0000000000000004.

ಎಲ್ಲಿಂದ ಬಂತು ಆ ಕೊನೆಯ 4? ದೂರ ಕೂಡಿಸುವ ಲೂಪ್‌ನಿಂದ. ಪ್ರತಿ 100 ಮೀಟರಿಗೆ 0.1 ಸೇರಿಸುತ್ತಾ ಹೋಗಿದ್ದಳು. ನಮ್ಮ ಹತ್ತರ ಲೆಕ್ಕದಲ್ಲಿ 1ನ್ನು 3ರಿಂದ ಭಾಗಿಸಿದರೆ 0.333 ಅಂತ ಮುಗಿಯದೇ ಹೋಗುತ್ತದಲ್ಲ, ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ 0.1 ಕೂಡ ಹಾಗೇ. ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳಬೇಕು. ಇಪ್ಪತ್ತು ಸಲ ಕೂಡಿಸುವಾಗ ಆ ಕತ್ತರಿಸಿದ ಚೂರುಗಳು ಸೇರಿ ಗೆರೆ ದಾಟಿಸಿಬಿಟ್ಟವು. 0.1ನ್ನು ಹತ್ತೇ ಸಲ ಕೂಡಿಸಿ ನೋಡಿ, 0.9999999999999999 ಬರುತ್ತದೆ, ಅಂದರೆ 1ಕ್ಕಿಂತ ಕಡಿಮೆ. ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಜಾಸ್ತಿ. ಹಾಗಾಗಿ ಅಂದಾಜಿನ ಮೇಲೆ ಒಂದಿಷ್ಟು ಕಳೆದು ಸರಿಮಾಡೋಣ ಅನ್ನುವುದು ನಡೆಯುವುದಿಲ್ಲ.

ಪರಿಹಾರ ಸರಳ. ದೂರವನ್ನು ಮೀಟರಿನಲ್ಲಿ, ಹಣವನ್ನು ಪೈಸೆಯಲ್ಲಿ ಇಟ್ಟುಕೊಳ್ಳಿ. 100 ಮೀಟರ್ ಇಪ್ಪತ್ತು ಸಲ ಕೂಡಿಸಿದರೆ 2000, ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. 3600 ಪೈಸೆ, ಆಮೇಲೆ 100 ಮೀಟರಿಗೆ 180 ಪೈಸೆ. ಒಂದೂವರೆ ಪಟ್ಟಿಗೆ 3ರಿಂದ ಗುಣಿಸಿ 2ರಿಂದ ಭಾಗಿಸಿ. ತೋರಿಸುವಾಗ ಮಾತ್ರ ರೂಪಾಯಿ ಮಾಡಿ.

ಗೆರೆಯ ವಿಷಯಕ್ಕೆ ಬಂದಿದ್ದರಿಂದ ಇನ್ನೊಂದು ಮಾತು. ನಿಯಮವನ್ನು ಕನ್ನಡದಲ್ಲಿ ಕೇಳಿ ಕೋಡ್ ಬರೆಯುವಾಗ ಗೆರೆಯ ಮೇಲಿನ ಸಂಖ್ಯೆ ಯಾವ ಕಡೆಗೆ ಸೇರುತ್ತದೆ ಅಂತ ಕೇಳಲೇಬೇಕು. "2 ಕಿಲೋಮೀಟರ್ ದಾಟಿದರೆ" ಅಂದರೆ ಸ್ಪಷ್ಟ, ಅದು >. "18 ವರ್ಷ ತುಂಬಿದವರು" ಅಂದರೂ ಸ್ಪಷ್ಟ, ಅದು >=. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಾಗಿನಿಂದ ನಾವೆಲ್ಲ ಆ ಮಾತನ್ನು ಹಾಗೇ ಬಳಸುತ್ತಿದ್ದೇವೆ. ಆದರೆ "18 ವರ್ಷ ಮೇಲ್ಪಟ್ಟವರು" ಅಂದರೆ? 18 ಸೇರಿತೇ, ಬಿಟ್ಟಿತೇ? "ಐದು ಗಂಟೆಯೊಳಗೆ" ಅಂದರೆ ಸರಿಯಾಗಿ ಐದಕ್ಕೆ ಬಂದವರು ಒಳಗೋ ಹೊರಗೋ? ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರುತ್ತದೆ. ಇದು ಕೋಡ್ ಬರೆಯುವವರು ತಾವೇ ಊಹಿಸಿಕೊಳ್ಳುವ ವಿಷಯ ಅಲ್ಲ. ನಿಯಮ ಮಾಡಿದವರನ್ನು ಕೇಳಿ, ಉತ್ತರವನ್ನು ಕೋಡ್‌ನಲ್ಲೇ ಕಮೆಂಟ್ ಆಗಿ ಬರೆದಿಡಿ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಕನ್ನಡದಲ್ಲಿ ಡೇಟಾ ಇಡುವವರು ಈ ಭಾಗವನ್ನು ನಿಧಾನವಾಗಿ ಓದಿ. ಬೇರೆ ಕಡೆ ಇದರ ಬಗ್ಗೆ ಅಷ್ಟಾಗಿ ಹೇಳುವುದಿಲ್ಲ.

ಅಪ್ಪ ಹೆಚ್ಚಾಗಿ ಹೋಗುವ ಜಾಗಗಳ ಹೆಸರು, ಅವರು ಗುರುತು ಹಾಕಿಕೊಂಡ ದೂರ, ಎರಡನ್ನೂ ಹುಡುಗಿ ಸೇರಿಸಿದ್ದಳು. ಜಾಗದ ಹೆಸರುಗಳನ್ನು ಅಪ್ಪ ಫೋನ್‌ನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಪ್ರೋಗ್ರಾಮ್ ಅನ್ನು ಇವಳು ಲ್ಯಾಪ್‌ಟಾಪ್‌ನಲ್ಲಿ ಬರೆದಿದ್ದಾಳೆ. ಇಫ್ ಸ್ಥಳ == "ಕೋರಮಂಗಲ" ಎಂಬ ಕವಲು ಓಡುತ್ತಲೇ ಇರಲಿಲ್ಲ. ಪ್ರಿಂಟ್ ಮಾಡಿದರೆ ಎರಡೂ ಕೋರಮಂಗಲವೇ. ಟೈಪ್ ಎರಡೂ ಸ್ಟ್ರಿಂಗೇ. ಆದರೂ ಫಾಲ್ಸ್.

ಉದ್ದ ನೋಡಿದೆವು. ಲೆನ್ ಫಂಕ್ಷನ್ ಒಂದಕ್ಕೆ 7 ಅಂದಿತು, ಇನ್ನೊಂದಕ್ಕೆ 9.

ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಪದ್ಧತಿ. ಅದರಲ್ಲಿ "ಕೋ" ಎಂಬುದನ್ನು ಎರಡು ರೀತಿ ಇಡಬಹುದು. ಕ ಆದ ಮೇಲೆ ಓತ್ವದ ಒಂದೇ ಚಿಹ್ನೆ ಇಡಬಹುದು. ಇಲ್ಲವೇ ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಅಂತ ಮೂರು ಬಿಡಿ ಚಿಹ್ನೆ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಮೂಡುತ್ತವೆ. == ಮಾತ್ರ ಚಿಹ್ನೆಗಳನ್ನು ಒಂದೊಂದಾಗಿ ಎಣಿಸಿ ಹೋಲಿಸುತ್ತದೆ. ಈ, ಏ, ಐ, ಒ, ಓ ಸ್ವರ ಸೇರಿದ ಅಕ್ಷರಗಳಿಗೆಲ್ಲ ಇದು ಅನ್ವಯಿಸುತ್ತದೆ. ಅನುಮಾನ ಬಂದರೆ ಸ್ಟ್ರಿಂಗನ್ನು ಆಸ್ಕಿ ಎಂಬ ಫಂಕ್ಷನ್‌ಗೆ ಕೊಟ್ಟು ಪ್ರಿಂಟ್ ಮಾಡಿ. ಪ್ರತಿ ಚಿಹ್ನೆಯ ಸಂಕೇತವೂ ಬಿಡಿಯಾಗಿ ಕಾಣುತ್ತದೆ. ಸರಿಮಾಡಲು ಪೈಥಾನ್‌ನಲ್ಲೇ ಇರುವ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ ಸಾಕು. ಅದಕ್ಕೆ "ಎನ್‌ಎಫ್‌ಸಿ" ಎಂಬ ರೂಪ ಕೇಳಿದರೆ ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದು ಮಾಡಿಕೊಡುತ್ತದೆ. ಹೋಲಿಸುವ ಎರಡೂ ಕಡೆಗೆ ಮಾಡಬೇಕು, ಒಂದೇ ಕಡೆ ಮಾಡಿದರೆ ಪ್ರಯೋಜನವಿಲ್ಲ.

"ಮೆಜೆಸ್ಟಿಕ್" ಮಾತ್ರ ಆಮೇಲೂ ಹಟ ಹಿಡಿಯಿತು. ಅದರ ಉದ್ದ 10 ಇರಬೇಕು, 11 ಬರುತ್ತಿತ್ತು. "ಮೆಜೆಸ್ಟಿಕ್‌ನಿಂದ" ಎಂಬ ಪದದಿಂದ ಮೊದಲ ಭಾಗವನ್ನು ಕಾಪಿ ಮಾಡಿದ್ದರು. ಅರ್ಧ ಅಕ್ಷರದ ಮುಂದೆ "ನಿಂದ" ಬರೆಯುವಾಗ ಒತ್ತಕ್ಷರ ಆಗದಿರಲಿ ಅಂತ ಕೀಲಿಮಣೆ ನಡುವೆ ಅಗಲವೇ ಇಲ್ಲದ ಒಂದು ಗುರುತು ಹಾಕುತ್ತದೆ. ಆ ಗುರುತು ಬಾಲದ ಹಾಗೆ ಜೊತೆಗೇ ಬಂದಿತ್ತು. ನಾರ್ಮಲೈಸ್ ಅದನ್ನು ತೆಗೆಯುವುದಿಲ್ಲ. ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಕೂಡ ತೆಗೆಯುವುದಿಲ್ಲ. ರಿಪ್ಲೇಸ್ ಬಳಸಿ ನಾವೇ ತೆಗೆಯಬೇಕು. ಇದೇ ಗುರುತು ವೇರಿಯಬಲ್ ಹೆಸರಿನೊಳಗೆ ನುಸುಳಿದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಅದಕ್ಕೇ ಮೇಲೆ "ಮೀಟರು_ಹಾಕಿದೆ" ಅಂತ ಉಕಾರ ಹಾಕಿ ಬರೆದಿದ್ದೇವೆ.

ಅಂಕಿಗಳ ವಿಷಯ ಸಮಾಧಾನ ತಂದಿತು. ಅಪ್ಪ ಒಮ್ಮೊಮ್ಮೆ ೩೬ ಅಂತ ಕನ್ನಡ ಅಂಕಿಯಲ್ಲೇ ಕಳಿಸುತ್ತಾರೆ. ಇಂಟ್ ಫಂಕ್ಷನ್‌ಗೆ "೩೬" ಕೊಟ್ಟರೆ ಪೈಥಾನ್ ಅದನ್ನು 36 ಅಂತಲೇ ಓದಿಕೊಳ್ಳುತ್ತದೆ. ಆದರೆ ಸ್ಟ್ರಿಂಗ್ ಆಗಿಯೇ ಬಿಟ್ಟರೆ "೩೬" == "36" ಸುಳ್ಳು. ಬಾಗಿಲಲ್ಲೇ ಇಂಟ್ ಮಾಡಿ ಅಂತ ಮೊದಲು ಹೇಳಿದ್ದಕ್ಕೆ ಇದು ಇನ್ನೊಂದು ಕಾರಣ.

ಸಿ ಭಾಷೆ ಬರೆಯುವವರಿಗೆ

ಮೇಲಿನದೆಲ್ಲ ಪೈಥಾನ್. ಸಿ ಭಾಷೆಯ ಲ್ಯಾಬ್‌ನಲ್ಲಿ ಕೂತಿದ್ದರೆ ಬೇರೆ ಮೂರು ಕಡೆ ಕೈ ಇಡಿ.

ಇಫ್‌ನ ಆವರಣ ಮುಗಿದ ಕೂಡಲೇ ಅರ್ಧವಿರಾಮ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಇಫ್ ಅಲ್ಲೇ ಮುಗಿಯಿತು, ಕೆಳಗಿನ ಬ್ಲಾಕ್ ಕಂಡಿಷನ್ ಏನೇ ಇರಲಿ ಓಡುತ್ತದೆ.

ಎರಡನೆಯದು == ಬದಲು ಒಂದೇ =. ಪೈಥಾನ್ ಇದನ್ನು ಒಪ್ಪುವುದೇ ಇಲ್ಲ, ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಸಿ ಒಪ್ಪುತ್ತದೆ. ಹೋಲಿಸುವ ಬದಲು ಬೆಲೆ ತುಂಬುತ್ತದೆ. 2003ರ ನವೆಂಬರಿನಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಂದು ಪ್ರತಿಯೊಳಗೆ ಯಾರೋ ಹೀಗೇ ಒಂದು ಸಾಲು ಸೇರಿಸಿದ್ದರು. ಬಳಕೆದಾರರ ಸಂಖ್ಯೆ 0 ಆಗಿದೆಯೇ ಅಂತ ಪರೀಕ್ಷಿಸುವ ಹಾಗೆ ಕಾಣುತ್ತಿತ್ತು. ಒಂದೇ = ಇದ್ದದ್ದರಿಂದ ಅದು ನಿಜವಾಗಿ ಆ ಸಂಖ್ಯೆಯನ್ನು 0 ಮಾಡಿಬಿಡುತ್ತಿತ್ತು. 0 ಅಂದರೆ ರೂಟ್, ಎಲ್ಲ ಅಧಿಕಾರ ಇರುವ ಬಳಕೆದಾರ. ಆ ಬದಲಾವಣೆಗೆ ಸರಿಯಾದ ದಾಖಲೆ ಇಲ್ಲದ್ದನ್ನು ಗಮನಿಸಿ ಅದನ್ನು ಹಿಡಿದರು. ಸಿ ಕೋಡನ್ನು ಯಂತ್ರದ ಭಾಷೆಗೆ ಬದಲಾಯಿಸುವ ಜಿಸಿಸಿ ಕಂಪೈಲರಿಗೆ ಎಲ್ಲ ಎಚ್ಚರಿಕೆ ತೋರಿಸು ಅಂತ ಹೇಳುವ ಆಯ್ಕೆ ಇದೆ. ಅದನ್ನು ಹಾಕಿ ಕಂಪೈಲ್ ಮಾಡಿ, ಇಂಥ ತಪ್ಪನ್ನು ಸಾಮಾನ್ಯವಾಗಿ ಅದೇ ತೋರಿಸುತ್ತದೆ.

ಮೂರನೆಯದು ಹೂವಿನ ಆವರಣ ಹಾಕದಿರುವುದು. ಆವರಣ ಇಲ್ಲದ ಇಫ್‌ಗೆ ಸೇರುವುದು ಮುಂದಿನ ಒಂದೇ ಸಾಲು. ಸಾಲನ್ನು ಎಷ್ಟು ಒಳಗೆ ಸರಿಸಿ ಬರೆದರೂ ಸಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2014ರ ಫೆಬ್ರುವರಿಯಲ್ಲಿ ಆಪಲ್ ತುರ್ತಾಗಿ ಐಫೋನಿನ ತಂತ್ರಾಂಶ ಐಓಎಸ್ 7.0.6 ಬಿಡುಗಡೆ ಮಾಡಿದ್ದು ಇಂಥದ್ದೇ ಒಂದು ತಪ್ಪಿಗೆ. ಸುರಕ್ಷಿತ ಸಂಪರ್ಕ ಪರೀಕ್ಷಿಸುವ ಕೋಡ್‌ನಲ್ಲಿ "ಗೋಟೂ ಫೇಲ್" ಎಂಬ ಸಾಲು ಎರಡು ಸಲ ಬಂದಿತ್ತು. ಮೊದಲನೆಯದು ಇಫ್‌ಗೆ ಸೇರಿದ್ದು. ಎರಡನೆಯದು ಯಾವ ಇಫ್‌ಗೂ ಸೇರದೆ ಯಾವಾಗಲೂ ಓಡುತ್ತಿತ್ತು. ಅದರಿಂದ ಕೊನೆಯ ಸಹಿ ಪರೀಕ್ಷೆಯೇ ತಪ್ಪಿಹೋಗಿ, ಎಲ್ಲ ಸರಿ ಇದೆ ಅಂತ ಉತ್ತರ ಬರುತ್ತಿತ್ತು. ಒಂದೇ ಸಾಲಿದ್ದರೂ ಹೂವಿನ ಆವರಣ ಹಾಕಿ.

ಪೈಥಾನ್‌ನಲ್ಲಿ ಇದು ಉಲ್ಟಾ. ಅಲ್ಲಿ ಸಾಲು ಎಷ್ಟು ಒಳಗಿದೆ ಎಂಬುದೇ ಎಲ್ಲ. ಒಂದರೊಳಗೊಂದು ಇಫ್ ಇದ್ದಾಗ ಎಲ್ಸ್ ಯಾವ ಇಫ್‌ನ ನೇರಕ್ಕೆ ನಿಂತಿದೆ ಅಂತ ಪರದೆಯ ಮೇಲೆ ಬೆರಳಿಟ್ಟು ನೋಡಿ.

ತಿದ್ದಿದ ಮೇಲೆ

ಕೊನೆಗೆ ಅವಳ ಕೈಯಲ್ಲೇ ಒಂದು ಪಟ್ಟಿ ಬರೆಸಿದೆ. ನಡುವಿನ ಬೆಲೆಗಳು ಕಡಿಮೆ, ಗೆರೆಯ ಮೇಲಿನವು ಮತ್ತು ಅದರ ಆಚೆ ಈಚೆಯವು ಜಾಸ್ತಿ. ಉತ್ತರಗಳನ್ನು ಮೊದಲು ಕೈಲೆಕ್ಕದಲ್ಲಿ ಹಾಕಿ, ಆಮೇಲೆ ಪ್ರೋಗ್ರಾಮ್ ಓಡಿಸಬೇಕು ಅಂತ ಹೇಳಿದೆ.

ಹಗಲು, 1999 ಮೀಟರ್: 36
ಹಗಲು, 2000 ಮೀಟರ್: 36
ಹಗಲು, 2001 ಮೀಟರ್: 37.80
ಹಗಲು, 2100 ಮೀಟರ್: 37.80
ಹಗಲು, 2101 ಮೀಟರ್: 39.60
21:59ಕ್ಕೆ, 8000 ಮೀಟರ್: 144
22:00ಕ್ಕೆ, 8000 ಮೀಟರ್: 216
0:00ಕ್ಕೆ, 8000 ಮೀಟರ್: 216
4:59ಕ್ಕೆ, 2000 ಮೀಟರ್: 54
5:00ಕ್ಕೆ, 2000 ಮೀಟರ್: 36

ಹತ್ತರಲ್ಲಿ ಒಂಬತ್ತು ಸರಿ ಬಂದವು. 0:00 ಮಾತ್ರ ತಪ್ಪಿತು, 144 ಬಂತು. ನೋಡಿದರೆ, ಸಮಯ ಕೊಟ್ಟಿದ್ದಾರೋ ಇಲ್ಲವೋ ಅಂತ ಪರೀಕ್ಷಿಸಲು ಅವಳು ಮೇಲೆಲ್ಲೋ "ಇಫ್ ನಾಟ್ ಗಂಟೆ" ಅಂತ ಬರೆದು, ಕೊಡದಿದ್ದರೆ ಗಂಟೆ 12 ಅಂತ ಹಾಕಿದ್ದಳು. ಮಧ್ಯರಾತ್ರಿಯ 0 ಕೂಡ ಪೈಥಾನ್‌ಗೆ ಸುಳ್ಳೇ. ಹಾಗಾಗಿ ಮಧ್ಯರಾತ್ರಿ ಮಧ್ಯಾಹ್ನವಾಗಿತ್ತು. ಬೆಲೆಯೇ ಇಲ್ಲ ಅನ್ನಲು ಪೈಥಾನ್‌ನಲ್ಲಿ ನನ್ (None) ಎಂಬುದು ಇದೆ. "ಇಫ್ ಗಂಟೆ ಈಸ್ ನನ್" ಅಂತ ತಿದ್ದಿದಳು. ಹತ್ತೂ ಸರಿ ಬಂದವು.

3600, 2000, 180 ಎಂಬ ಮೂರು ಸಂಖ್ಯೆಗಳನ್ನು ಫೈಲಿನ ಮೊದಲಿಗೆ ತಂದು ಹೆಸರು ಕೊಟ್ಟು ಇಟ್ಟಿದ್ದಾಳೆ. ಪಟ್ಟಿ ಫೈಲಿನ ಕೊನೆಯಲ್ಲಿದೆ. ಸರ್ಕಾರ ಮತ್ತೆ ದರ ಬದಲಾಯಿಸಿದಾಗ ಮೇಲಿನ ಮೂರು ಸಂಖ್ಯೆ ತಿದ್ದಿ, ಪಟ್ಟಿಯ ಉತ್ತರಗಳನ್ನು ಕೈಲೆಕ್ಕದಲ್ಲಿ ಹೊಸದಾಗಿ ಹಾಕಿ, ಅದನ್ನು ಓಡಿಸಿದ ಮೇಲೆಯೇ ಅಪ್ಪನ ಫೋನಿಗೆ ಕಳಿಸುತ್ತಾಳಂತೆ.